ನಿಲ್ಲುವ ಯಂತ್ರ, ನಿಲ್ಲದ ಚಕ್ರ



ನನ್ನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಿ ಎರಡು ವರ್ಷಗಳಾದುವೆಂಬುದು ನಿಮ್ಮಲ್ಲಿ ಹಲವರಿಗೆ ತಿಳಿದೇ ಇದೆ. ದಿನಕ್ಕೆ ಅರ್ಧ ಗಂಟೆ ನಡೆಯಲೇಬೇಕೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ನಮ್ಮ ಬಡಾವಣೆಯ ರಸ್ತೆಯಲ್ಲಿ ಬೆಳಗಿನ ಜಾವ ಮನುಷ್ಯರಿಗಿಂತ ನಾಯಿಗಳೇ ಹೆಚ್ಚು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಇದನ್ನು ಮನಗಂಡ ಮಗಳು ಒಂದು ಟ್ರೆಡ್‌ಮಿಲ್ ಕಳುಹಿಸಿಕೊಟ್ಟಳು. ನನ್ನ ಪುಸ್ತಕದ ಬೀರು ಪಕ್ಕದ ಕೋಣೆಗೆ ಹೋಯಿತು. ಅದರ ಜಾಗದಲ್ಲಿ ಯಂತ್ರ ಬಂದು ಕುಳಿತಿತು. ಒಂದೂವರೆ ವರ್ಷ ಅದು ಯಾವ ತಕರಾರನ್ನೂ ಮಾಡಲಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ, ನಡಿಗೆ ಆರಂಭಿಸಿ ಒಂಬತ್ತು ನಿಮಿಷಗಳಾಗಿದ್ದಾಗ, ಪಟ್ಟಿ ಒಮ್ಮೆ ಮುಗ್ಗರಿಸಿ ನಿಂತುಬಿಟ್ಟಿತು. ಎದುರಿನ ಫಲಕದಲ್ಲಿ ಒಂದು ಅಕ್ಷರವೂ ಒಂದು ಅಂಕಿಯೂ ಮಿನುಗಿದುವು. ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ ಓಡುತ್ತದೆ. ಮತ್ತೆ ಎಂಟೊಂಬತ್ತು ನಿಮಿಷಕ್ಕೆ ನಿಲ್ಲುತ್ತದೆ. ಮೂರನೆಯ ದಿನ ನನ್ನ ಶ್ರೀಮತಿ ಅಡುಗೆಮನೆಯಿಂದಲೇ, "ಏನೂಂದ್ರೆ, ಅದಕ್ಕೂ ರಿಟೈರ್ಡ್ ಆಗೋ ವಯಸ್ಸು ಬಂತೇನೋ ನೋಡಿ" ಎಂದಳು.

ಜೀವಮಾನವಿಡೀ ಇತಿಹಾಸ ಪಾಠ ಮಾಡಿದವನಿಗೆ ಒಂದು ಅಭ್ಯಾಸವಿರುತ್ತದೆ. ಮೊದಲು ಸಿಕ್ಕ ಸಾಕ್ಷಿಯ ಮಾತನ್ನೇ ನಂಬಬಾರದು. ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ವಿಚಾರಿಸಬೇಕು. ಅದೇ ಕ್ರಮವನ್ನು ಇಲ್ಲಿಯೂ ಅನುಸರಿಸಿದೆನು. ಈ ಯಂತ್ರಕ್ಕೊಂದು ಕೆಂಪು ಕೀಲಿಯುಂಟು. ಅದರೊಳಗೆ ಅಯಸ್ಕಾಂತವಿದ್ದು, ಅದು ಸ್ವಸ್ಥಾನದಿಂದ ಕದಲಿದರೆ ಯಂತ್ರ ನಿಲ್ಲುತ್ತದೆ. ಅದನ್ನು ತೆಗೆದು, ಒರೆಸಿ, ಸರಿಯಾಗಿ ಕೂರಿಸಿದೆನು. ಪ್ರಯೋಜನವಾಗಲಿಲ್ಲ. ಫ್ರಿಜ್ಜಿನ ವಯರೂ ಇದರ ವಯರೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದುವು. ಇದನ್ನು ಬೇರ್ಪಡಿಸಿ ಗೋಡೆಯ ದೊಡ್ಡ ಸಾಕೆಟ್ಟಿಗೇ ನೇರವಾಗಿ ಕೊಟ್ಟೆನು. ಆಗಲೂ ನಿಂತಿತು. ಬಳಿಕ ಯಾರೂ ಹತ್ತದೆ ಬರಿಯ ಯಂತ್ರವನ್ನು ಇಪ್ಪತ್ತು ನಿಮಿಷ ಓಡಿಸಿ ನೋಡಿದೆನು. ನಿಲ್ಲಲಿಲ್ಲ! ಎಪ್ಪತ್ತನಾಲ್ಕು ಕಿಲೋ ತೂಕದ ನಾನು ಹತ್ತಿದೊಡನೆ, ಒಂಬತ್ತನೆಯ ನಿಮಿಷಕ್ಕೆ ನಿಂತಿತು. ಅಂದರೆ ದೋಷವಿರುವುದು ಭಾರ ಬಿದ್ದಾಗ. ಪ್ಲಗ್ ಕಿತ್ತು ಪಟ್ಟಿಯ ಅಡಿಗೆ ಕೈ ತೂರಿಸಿ ನೋಡಿದರೆ, ಹಲಗೆ ಒಣಗಿದೆ, ದೋಸೆಯ ಹೆಂಚು ಇಳಿಸಿದಂತೆ ಬೆಚ್ಚಗಿದೆ.

ಕಾರಣ ಅದೇ. ಟ್ರೆಡ್‌ಮಿಲ್ಲಿನ ಪಟ್ಟಿ ಒಂದು ಮರದ ಹಲಗೆಯ ಮೇಲೆ ಜಾರುತ್ತದೆ. ನಡುವೆ ಇರುವ ಎಣ್ಣೆಯ ಪೊರೆ ಆರಿಹೋದರೆ ಘರ್ಷಣೆ ಹೆಚ್ಚುತ್ತದೆ. ಅದೇ ಪಟ್ಟಿಯನ್ನು ಎಳೆಯಲು ಮೋಟಾರು ಹೆಚ್ಚು ವಿದ್ಯುತ್ತನ್ನು ಸೆಳೆಯಬೇಕಾಗುತ್ತದೆ, ಕಾಯುತ್ತದೆ. ಒಂದು ಮಿತಿ ಮೀರಿದೊಡನೆ ನಿಯಂತ್ರಕ ಫಲಕವು, ತಾನೂ ಮೋಟಾರೂ ಸುಟ್ಟುಹೋಗದಿರಲೆಂದು, ವಿದ್ಯುತ್ತನ್ನು ಕಡಿದುಬಿಡುತ್ತದೆ. ನಾನು ಯಾವುದನ್ನು ರೋಗವೆಂದು ತಿಳಿದಿದ್ದೆನೋ ಅದು ಯಂತ್ರದ ಆತ್ಮರಕ್ಷಣೆಯಾಗಿತ್ತು.

ರಿಪೇರಿಯ ಹುಡುಗ ಬಂದು ನನ್ನ ತೀರ್ಮಾನವನ್ನು ಒಪ್ಪಿದನು. ಶ್ರೀಮತಿ ಕೊಬ್ಬರಿ ಎಣ್ಣೆಯ ಬಾಟಲಿ ತಂದಿದ್ದಳು. "ಅಮ್ಮಾ, ಅದು ತಲೆಗೇ ಇರ್ಲಿ. ಇದಕ್ಕೆ ಸಿಲಿಕೋನ್ ಆಯಿಲ್ಲೇ ಆಗ್ಬೇಕು. ಬೇರೆ ಎಣ್ಣೆ ಹಾಕಿದ್ರೆ ಪಟ್ಟಿ ಕೆಟ್ಟುಹೋಗುತ್ತೆ" ಎಂದನು. ಪಟ್ಟಿಯ ಎರಡೂ ಅಂಚುಗಳನ್ನು ಎತ್ತಿ, ಹಲಗೆಯ ಮೇಲೆ ಎಣ್ಣೆ ಬಿಟ್ಟು, ಅದು ಹರಡಿಕೊಳ್ಳಲೆಂದು ಐದು ನಿಮಿಷ ನಿಧಾನವಾಗಿ ಓಡಿಸಿದನು. ಮುಂಭಾಗದ ಮುಚ್ಚಳ ತೆಗೆದು ಮೋಟಾರಿನ ಮೇಲಿದ್ದ ಧೂಳನ್ನು ಒರೆಸಿದನು. ಕೊನೆಗೆ, "ಸರ್, ಮೂರು ತಿಂಗಳಿಗೊಮ್ಮೆ ಎಣ್ಣೆ ಬಿಡಬೇಕು ಅಂತ ಪುಸ್ತಕದಲ್ಲೇ ಬರೆದಿದೆಯಲ್ಲ" ಎಂದನು. ಆ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯನ್ನೇ ನಾನು ಬಿಚ್ಚಿರಲಿಲ್ಲ. ಪಾಠ ಓದಿಕೊಂಡು ಬಾರದವರನ್ನು ಮೂವತ್ತು ವರ್ಷಕ್ಕೂ ಮಿಗಿಲಾಗಿ ಬೆಂಚಿನ ಮೇಲೆ ನಿಲ್ಲಿಸಿದವನು ನಾನು!

ಯಂತ್ರವೇನೋ ಸರಿಹೋಯಿತು. ಆದರೆ ಅದು ನಿಂತಿದ್ದ ದಿನಗಳಲ್ಲಿ ಒಂದು ಪ್ರಶ್ನೆ ತಲೆಯನ್ನು ಹೊಕ್ಕಿತ್ತು. 'ಟ್ರೆಡ್' ಎಂದರೆ ತುಳಿಯುವುದು. 'ಮಿಲ್' ಎಂದರೆ ಗಿರಣಿ. ಸರಿ, ಈ ಗಿರಣಿ ಬೀಸುವುದಾದರೂ ಏನನ್ನು?

ಕಾಲಿನಿಂದ ತುಳಿದು ಚಕ್ರ ತಿರುಗಿಸುವುದು ಹಳೆಯ ವಿದ್ಯೆ. ರೋಮನ್ನರು ಭಾರವಾದ ಕಲ್ಲುಗಳನ್ನೆತ್ತಲು ದೊಡ್ಡ ಚಕ್ರದೊಳಗೆ ಆಳುಗಳನ್ನು ನಡೆಸುತ್ತಿದ್ದರು. ಯೂರೋಪಿನ ಮಧ್ಯಯುಗದ ಇಗರ್ಜಿಗಳ ನಿರ್ಮಾಣದಲ್ಲಿಯೂ ಇಂಥ ಚಕ್ರಗಳಿದ್ದುವು. ಅಲ್ಲೆಲ್ಲ ಕಲ್ಲು ಮೇಲೇರುತ್ತಿತ್ತು, ಕಟ್ಟಡ ಬೆಳೆಯುತ್ತಿತ್ತು. ನಡೆದವನ ಬೆವರಿಗೆ ಒಂದು ಗುರುತು ಉಳಿಯುತ್ತಿತ್ತು. ಈ ವಿದ್ಯೆ ಶಿಕ್ಷೆಯಾಗಿ ರೂಪಾಂತರ ಹೊಂದಿದ್ದು ಇಂಗ್ಲೆಂಡಿನಲ್ಲಿ.

1818ರ ಸುಮಾರಿಗೆ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರನು ಸಫೋಕ್ ಪ್ರಾಂತದ ಬರಿ ಸೇಂಟ್ ಎಡ್ಮಂಡ್ಸ್ ಸೆರೆಮನೆಗಾಗಿ ಒಂದು ತುಳಿಚಕ್ರವನ್ನು ರೂಪಿಸಿದನು. ಕೈದಿಗಳು ಸುಮ್ಮನೆ ಕುಳಿತಿದ್ದುದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂದು ಕಥೆಯುಂಟು. ಒಂದು ಉದ್ದವಾದ ಉರುಳೆ. ಅದರ ಹೊರಮೈಗೆ ಸಾಲಾಗಿ ಮೆಟ್ಟಿಲುಗಳು. ಕೈದಿಗಳು ಪಕ್ಕಪಕ್ಕದಲ್ಲಿ ನಿಂತು, ಮೇಲಿನ ಅಡ್ಡಪಟ್ಟಿಯನ್ನು ಹಿಡಿದು, ಮೆಟ್ಟಿಲು ಹತ್ತುತ್ತಿರಬೇಕು. ಹತ್ತಿದಂತೆಲ್ಲ ಮೆಟ್ಟಿಲು ಕೆಳಗಿಳಿಯುತ್ತದೆ. ಹತ್ತಿದವನು ಇದ್ದಲ್ಲೇ ಇರುತ್ತಾನೆ. 1821ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಗೆ ಇದು ಬಂದಿತು. ಅಲ್ಲಿಂದ ಮುಂದೆ ದೇಶದ ಹಲವಾರು ಸೆರೆಮನೆಗಳಿಗೆ ಹರಡಿತು. ಅಟ್ಲಾಂಟಿಕ್ ಸಾಗರವನ್ನೂ ದಾಟಿ, ಆ ದಶಕದಲ್ಲಿಯೇ ನ್ಯೂಯಾರ್ಕಿನ ಸೆರೆಮನೆಯನ್ನು ಸೇರಿತು.

ಮೊದಮೊದಲು ಈ ಚಕ್ರಗಳು ಧಾನ್ಯ ಬೀಸುತ್ತಿದ್ದುವು, ನೀರೆತ್ತುತ್ತಿದ್ದುವು. 'ಗಿರಣಿ' ಎಂಬ ಹೆಸರು ಬಂದುದು ಹಾಗೆ. ಆದರೆ ಹಲವು ಕಡೆ ಚಕ್ರಕ್ಕೆ ಯಾವ ಕೆಲಸವನ್ನೂ ಜೋಡಿಸಲಿಲ್ಲ. ತಿರುಗಲು ಕಷ್ಟವಾಗಲೆಂದು ಛಾವಣಿಯ ಮೇಲೆ ಗಾಳಿಯನ್ನು ತಳ್ಳುವ ರೆಕ್ಕೆಗಳನ್ನು ಕಟ್ಟಿದರು. ಗಾಳಿಯನ್ನು ಬೀಸುವುದೆಂದೇ ಜನ ಇದನ್ನು ಹಾಸ್ಯ ಮಾಡಿದರು. 1865ರ ಸೆರೆಮನೆ ಕಾಯಿದೆಯು ಕಠಿಣ ಶ್ರಮದ ಪಟ್ಟಿಯಲ್ಲಿ ತುಳಿಚಕ್ರದ ಜೊತೆಗೆ ಇನ್ನೊಂದನ್ನೂ ಸೇರಿಸಿತು: ಫಿರಂಗಿಯ ಗುಂಡುಗಳನ್ನು ಒಂದೆಡೆಯಿಂದ ಎತ್ತಿ ಇನ್ನೊಂದೆಡೆ ಇಡುವುದು, ಮತ್ತೆ ಅಲ್ಲಿಂದ ಎತ್ತಿ ಇಲ್ಲಿ ಇಡುವುದು. ಶ್ರಮಕ್ಕಿಂತ ಶ್ರಮದ ನಿರರ್ಥಕತೆಯೇ ಶಿಕ್ಷೆ ಎಂಬುದನ್ನು ಇದನ್ನು ರೂಪಿಸಿದವರು ಚೆನ್ನಾಗಿ ಅರಿತಿದ್ದರು. ಚಕ್ರದ ಕ್ರೌರ್ಯವೂ ಅಲ್ಲಿಯೇ ಇತ್ತು. ಒಬ್ಬನು ದಣಿದನೆಂದು ಅದು ನಿಲ್ಲದು. ಜೊತೆಯವರ ಭಾರಕ್ಕೆ ತಿರುಗುತ್ತಲೇ ಇರುತ್ತದೆ. ಕಾಲೆತ್ತದಿದ್ದರೆ ಮುಂದಿನ ಮೆಟ್ಟಿಲು ಬಂದು ಮೊಣಕಾಲಿಗೆ ಬಡಿಯುತ್ತದೆ. 1895ರಲ್ಲಿ ಎರಡು ವರ್ಷಗಳ ಕಠಿಣ ಸಜೆಗೆ ಗುರಿಯಾದ ಪ್ರಸಿದ್ಧ ನಾಟಕಕಾರ ಆಸ್ಕರ್ ವೈಲ್ಡ್ ಕೂಡ ಪೆಂಟನ್‌ವಿಲ್ ಸೆರೆಮನೆಯಲ್ಲಿ ಇದನ್ನು ತುಳಿದವನೇ.

ನಮ್ಮ ದೇಶಕ್ಕೂ ಈ ಚಿಂತನೆಯ ನೆರಳು ಬಿದ್ದಿತು. ಮೆಕಾಲೆಯು ಸದಸ್ಯನಾಗಿದ್ದ ಸೆರೆಮನೆ ಶಿಸ್ತಿನ ಸಮಿತಿಯು 1838ರಲ್ಲಿ ವರದಿ ಸಲ್ಲಿಸಿತು. ಕೈದಿಗಳನ್ನು ಹೊರಗೆ ರಸ್ತೆ ಕೆಲಸಕ್ಕೆ ಕಳುಹಿಸುವುದಕ್ಕಿಂತ ಗೋಡೆಯೊಳಗಿನ ಏಕತಾನದ, ನೀರಸವಾದ ದುಡಿಮೆಯೇ ಮೇಲೆಂಬುದು ಅದರ ಅಭಿಪ್ರಾಯ. ಮೆಕಾಲೆಯ ಹೆಸರನ್ನು ನಾವು ಇಂಗ್ಲಿಷ್ ಶಿಕ್ಷಣದ ಪಾಠದಲ್ಲಿ ಮಾತ್ರ ಓದಿಸುತ್ತೇವೆ. ಈ ವರದಿಯನ್ನು ನಾನೂ ತರಗತಿಯಲ್ಲಿ ಎಂದೂ ಹೇಳಿದವನಲ್ಲ. 1906ರಲ್ಲಿ ಪೂರ್ಣಗೊಂಡ ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ತುಳಿಚಕ್ರದ ಸ್ಥಾನವನ್ನು ನಮ್ಮದೇ ಗಾಣ ಆಕ್ರಮಿಸಿತು. ಎತ್ತು ಎಳೆಯಬೇಕಾದ ನೊಗವನ್ನು ರಾಜಕೀಯ ಕೈದಿಗಳು ತಳ್ಳಿ, ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಯಬೇಕಾಗಿತ್ತು. ಸಾವರ್ಕರ್, ಬಾರೀಂದ್ರ ಘೋಷ್ ಮೊದಲಾದವರು ತಮ್ಮ ಸೆರೆವಾಸದ ನೆನಪುಗಳಲ್ಲಿ ಈ ಗಾಣದ ವಿಚಾರವನ್ನು ಬರೆದಿದ್ದಾರೆ.

ಇಂಗ್ಲೆಂಡಿನಲ್ಲಿ 1898ರ ಕಾಯಿದೆಯೊಂದಿಗೆ ತುಳಿಚಕ್ರದ ಕಾಲ ಮುಗಿಯಿತು. ವೇಲ್ಸ್ ಪ್ರಾಂತದ ಬ್ಯೂಮಾರಿಸ್ ಊರಿನ ಹಳೆಯ ಸೆರೆಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಒಂದು ಚಕ್ರ ಇಂದಿಗೂ ಇದೆ.

ಅರ್ಧ ಶತಮಾನದ ಬಳಿಕ ತುಳಿಗಿರಣಿ ಮರುಹುಟ್ಟು ಪಡೆದುದು ಆಸ್ಪತ್ರೆಯಲ್ಲಿ. 1952ರಲ್ಲಿ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬ್ರೂಸ್ ಎಂಬ ಹೃದ್ರೋಗ ತಜ್ಞರೂ ವೇಯ್ನ್ ಕ್ವಿಂಟನ್ ಎಂಬ ಎಂಜಿನಿಯರರೂ ಸೇರಿ, ಹೃದಯ ಪರೀಕ್ಷೆಗಾಗಿ ಮೋಟಾರಿನಿಂದ ಓಡುವ ಟ್ರೆಡ್‌ಮಿಲ್ಲನ್ನು ರೂಪಿಸಿದರು. ಅಲ್ಲಿಯವರೆಗೆ ಹೃದಯದ ಪರೀಕ್ಷೆ ಬಹುಮಟ್ಟಿಗೆ ರೋಗಿ ಮಲಗಿರುವಾಗ ನಡೆಯುತ್ತಿತ್ತು. ಆದರೆ ಹೃದಯದ ಬಡತನ ಬಯಲಾಗುವುದು ಅದು ದುಡಿಯುವಾಗ. ಬ್ರೂಸ್ ರೂಪಿಸಿದ ಕ್ರಮದಲ್ಲಿ ಮೊದಲ ಮೂರು ನಿಮಿಷ ಗಂಟೆಗೆ ಸುಮಾರು 2.7 ಕಿಲೋಮೀಟರ್ ವೇಗ, 10 ಪ್ರತಿಶತ ಏರು. ಮುಂದಿನ ಮೂರು ನಿಮಿಷ ಸುಮಾರು 4 ಕಿಲೋಮೀಟರ್, 12 ಪ್ರತಿಶತ ಏರು. ಹೀಗೆಯೇ ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ನಮ್ಮ ಆಸ್ಪತ್ರೆಗಳಲ್ಲಿ 'ಟಿ.ಎಂ.ಟಿ.' ಎನ್ನುವುದು ಇದನ್ನೇ.

ನನಗೂ ಆ ಪರೀಕ್ಷೆ ಆಯಿತು. ಎದೆಗೆಲ್ಲ ತಂತಿ ಅಂಟಿಸಿಕೊಂಡು ಯಂತ್ರ ಹತ್ತಿದಾಗ, ಪಕ್ಕದಲ್ಲಿದ್ದ ನರ್ಸ್ ಹೆಣ್ಣುಮಗಳು, "ಸುಸ್ತಾದ್ರೆ ಸಂಕೋಚ ಮಾಡ್ಕೋಬೇಡಿ ಸರ್, ತಕ್ಷಣ ಹೇಳಿ, ನಿಲ್ಲಿಸ್ತೀವಿ" ಎಂದಳು. ಏಳನೆಯ ನಿಮಿಷದಲ್ಲಿ ನಾನು ಕೈಯೆತ್ತಿದೆನು. ಸೋತೆನೆಂದು ನಾಚಿಕೆಯಾಯಿತು. ವೈದ್ಯರಿಗೆ ಮಾತ್ರ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ನಾನು ಎಲ್ಲಿ ನಿಂತೆನು, ನಿಲ್ಲುವಾಗ ಹೃದಯದ ರೇಖೆ ಹೇಗಿತ್ತು ಎಂಬುದರಿಂದಲೇ ಅವರು ಮುಂದಿನ ದಾರಿಯನ್ನು ನಿರ್ಧರಿಸಿದರು. ತುಳಿಚಕ್ರದ ಚರಿತ್ರೆಯನ್ನು ಓದುವಾಗ ಆ ಹೆಣ್ಣುಮಗಳ ಮಾತು ನನಗೆ ಮತ್ತೆಮತ್ತೆ ನೆನಪಾಯಿತು. ಬರಿ ಸೇಂಟ್ ಎಡ್ಮಂಡ್ಸಿನ ಕೈದಿಗೆ ಯಾರೂ ಆ ಮಾತನ್ನು ಹೇಳಿರಲಿಲ್ಲ.

ಯಂತ್ರ ಮನೆಗೆ ಬಂದ ಕಥೆ ಚಿಕ್ಕದು. 1968ರಲ್ಲಿ ಕೆನೆತ್ ಕೂಪರ್ ಎಂಬ ವೈದ್ಯರ 'ಏರೋಬಿಕ್ಸ್' ಪುಸ್ತಕ ಪ್ರಕಟವಾಯಿತು. ಅದನ್ನು ಓದಿದ ವಿಲಿಯಂ ಸ್ಟಾಬ್ ಎಂಬ ಎಂಜಿನಿಯರರು ಸಾಮಾನ್ಯರ ಕೈಗೆಟುಕುವ ಟ್ರೆಡ್‌ಮಿಲ್ಲನ್ನು ತಯಾರಿಸಿದರು. ಆ ಪುಣ್ಯಾತ್ಮರು 2012ರಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ. ಕ್ಯೂಬಿಟ್ಟನ ಚಕ್ರಕ್ಕೂ ನನ್ನ ಮನೆಯ ಯಂತ್ರಕ್ಕೂ ಇರುವ ದೊಡ್ಡ ಅಂತರ ಮೋಟಾರಲ್ಲ, ಆ ಕೆಂಪು ಕೀಲಿ. ಅದರ ದಾರವನ್ನು ಅಂಗಿಗೆ ಸಿಕ್ಕಿಸಿಕೊಂಡು ನಡೆಯಬೇಕು. ಮುಗ್ಗರಿಸಿದರೆ ಕೀಲಿ ಕಳಚಿ ಯಂತ್ರ ನಿಲ್ಲುತ್ತದೆ. ನಿಲ್ಲಿಸುವ ಅಧಿಕಾರ ನಡೆಯುವವನ ಎದೆಯ ಮೇಲಿದೆ.

ಇಷ್ಟಕ್ಕೇ ಮುಗಿಸಬಹುದಾಗಿತ್ತು. ಆದರೆ ಫಿರಂಗಿ ಗುಂಡುಗಳ ವಿಚಾರ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ತೊಂಬತ್ತರ ದಶಕದ ಮಾತು. ಶಾಲೆಯ ಹೊಸ ಕೊಠಡಿಗಾಗಿ ಇಟ್ಟಿಗೆ ಬಂದು ಬಿದ್ದಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಮೂರನೆಯ ಸಲವೂ ಭೂಪಟ ಬಿಡಿಸದೆ ಬಂದಿದ್ದನು. ನಾನು ಸಿಟ್ಟಿನಿಂದ, ಪೂರ್ವದ ಗೋಡೆಯ ಬಳಿಯಿದ್ದ ನೂರು ಇಟ್ಟಿಗೆಗಳನ್ನು ಪಶ್ಚಿಮದ ಗೋಡೆಯ ಬಳಿಗೆ ಸಾಗಿಸೆಂದೆನು. ಸಾಗಿಸಿ ಬಂದು ನಿಂತನು. ಈಗ ಅವನ್ನು ಮೊದಲಿದ್ದಲ್ಲಿಗೇ ಇಡು ಎಂದೆನು. ಅವನು ಎದುರಾಡಲಿಲ್ಲ. ಎಲ್ಲವನ್ನೂ ಇಟ್ಟು, ಕೈ ಕೊಡವಿಕೊಂಡು, "ಸಾರ್, ಎಲ್ಲಿಗೆ ಬೇಕು ಅಂತ ಮೊದ್ಲೇ ಹೇಳಿದ್ರೆ ಅಲ್ಲೇ ಇಡ್ತಿದ್ದೆ" ಎಂದನು. ಅದರಲ್ಲಿ ಅಧಿಕಪ್ರಸಂಗವಿರಲಿಲ್ಲ, ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ. ಆ ಶಿಕ್ಷೆಯಲ್ಲಿ ಅರ್ಥವಾಗುವಂಥದೇನೂ ಇರಲಿಲ್ಲವಲ್ಲ! ನಾನು ಉತ್ತರ ಕೊಡದೆ ಸ್ಟಾಫ್ ರೂಮಿಗೆ ನಡೆದೆನು.

ಬಿ.ಎಡ್. ಓದುವಾಗ ಶಿಕ್ಷೆಯ ವಿಚಾರವಾಗಿ ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಪರೀಕ್ಷೆಯ ಉತ್ತರ ತರಗತಿಗೆ ಬರುವಷ್ಟರಲ್ಲಿ ಎಲ್ಲೋ ಒಣಗಿಹೋಗಿತ್ತು. ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಈ ಬರಹ ಅವನ ಕಣ್ಣಿಗೆ ಬಿದ್ದರೆ, ತನ್ನ ಕಥೆಯೆಂದು ಗುರುತಿಸದಿರಲಾರನು. ಅಪ್ಪಾ, ಇಟ್ಟಿಗೆ ಎಲ್ಲಿಗೂ ಬೇಕಾಗಿರಲಿಲ್ಲ. ಅಂದು ಹೇಳಬೇಕಾಗಿದ್ದ ಉತ್ತರ ಅದು, ತಡವಾಯಿತು, ಕ್ಷಮಿಸು.

ಮನೆಯಲ್ಲಿ ಈ ಯಂತ್ರವಿಟ್ಟುಕೊಂಡವರಿಗೆ ಒಂದು ಮಾತು. ಅದು ನಡುವೆ ನಿಂತರೆ ಬೈಯಬೇಡಿ, ಪದೇಪದೇ ಗುಂಡಿ ಒತ್ತಿ ಬಲವಂತವಾಗಿ ಓಡಿಸಲೂ ಬೇಡಿ. ಮೊದಲು ಪ್ಲಗ್ ಕಿತ್ತು, ಪಟ್ಟಿಯ ಅಡಿಗೆ ಕೈಯಿಟ್ಟು ನೋಡಿ. ಜೊತೆಗೆ ಬಂದ ಪುಸ್ತಕವನ್ನೂ ಒಮ್ಮೆ ಓದಿ. ನನ್ನ ಯಂತ್ರಕ್ಕೆ ಮುಂದಿನ ಎಣ್ಣೆ ಬಿಡುವ ದಿನವನ್ನು ಶ್ರೀಮತಿ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತುಹಾಕಿ ಇಟ್ಟಿದ್ದಾಳೆ.