ಜಾಲತಾಣದ ಮೆನು: ಹೊಸ ತಾಲ್ಲೂಕಿಗೆ ದಾರಿ ತೋರಿಸುವ ಬಗೆ

ಶರಣ ಮಡಿವಾಳ ಮಾಚಿದೇವರ ಊರೆಂದು ಪ್ರಸಿದ್ಧವಾದ ದೇವರ ಹಿಪ್ಪರಗಿ ಬಹುಕಾಲ ಸಿಂದಗಿ ತಾಲ್ಲೂಕಿಗೆ ಸೇರಿತ್ತು. 2017ರ ರಾಜ್ಯ ಬಜೆಟ್‌ನಲ್ಲಿ ಪ್ರಕಟವಾದ 49 ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಐದು ತಾಲ್ಲೂಕುಗಳಿದ್ದ ವಿಜಯಪುರ ಜಿಲ್ಲೆಯ ಪಟ್ಟಿ ಒಮ್ಮೆಲೇ ಬೆಳೆಯಿತು. ಇಂತಹ ಸಂದರ್ಭದಲ್ಲಿ ಕಚೇರಿಯ ನಾಮಫಲಕ ಬೇಗನೆ ಬದಲಾಗುತ್ತದೆ. ಜಾಲತಾಣದ ಮೆನು ಮರೆತುಹೋಗುತ್ತದೆ. ಆಗ ಪಹಣಿ ತಿದ್ದುಪಡಿಗಾಗಿ ವಿಳಾಸ ಹುಡುಕುವ ರೈತ ಹಳೆಯ ತಾಲ್ಲೂಕಿನ ಬಸ್ಸು ಹತ್ತುತ್ತಾನೆ.

ಇದಕ್ಕೆ ಕಾರಣ ತಾಂತ್ರಿಕವಾದುದು. ವರ್ಡ್‌ಪ್ರೆಸ್‌ನಂತಹ ವಿಷಯ ನಿರ್ವಹಣಾ ವ್ಯವಸ್ಥೆಗಳಲ್ಲಿ ಪುಟ ಬೇರೆ, ಮೆನು ಬೇರೆ. ಪುಟ ಪ್ರಕಟಿಸಿದ ಮಾತ್ರಕ್ಕೆ ಅದು ಮೆನುವಿನಲ್ಲಿ ಕಾಣಿಸಬೇಕೆಂದಿಲ್ಲ. 2010ರಲ್ಲಿ ಬಂದ ವರ್ಡ್‌ಪ್ರೆಸ್ 3.0 ಆವೃತ್ತಿಯಿಂದ ಮೆನುಗಳಿಗೆಂದೇ ಪ್ರತ್ಯೇಕ ಪರದೆ ಇದೆ. ಅಪಿಯರೆನ್ಸ್ ವಿಭಾಗದ ‘ಮೆನುಸ್’ ತೆರೆದು, ಎಡಭಾಗದ ಪಟ್ಟಿಯಿಂದ ಪುಟವನ್ನು ಆಯ್ದು ಸೇರಿಸಬೇಕು. ಸೇರಿಸಿದ ಹೆಸರನ್ನು ಮೌಸ್‌ನಿಂದ ತುಸು ಬಲಕ್ಕೆ ಎಳೆದರೆ ಅದು ಉಪಮೆನುವಾಗುತ್ತದೆ. ಕೊನೆಗೆ ಮೆನು ಎಲ್ಲಿ ಕಾಣಿಸಬೇಕೆಂಬ ಸ್ಥಾನವನ್ನು ಗುರುತಿಸಿ ಉಳಿಸಬೇಕು. ಹೊಸಬರು ಎಡವುವುದು ಇಲ್ಲಿಯೇ. 2022ರ ಜನವರಿಯಲ್ಲಿ ಬಂದ 5.9 ಆವೃತ್ತಿಯ ನಂತರ, ಬ್ಲಾಕ್ ಥೀಮ್ ಬಳಸುವ ತಾಣಗಳಲ್ಲಿ ಇದೇ ಕೆಲಸವನ್ನು ಸೈಟ್ ಎಡಿಟರ್‌ನ ‘ನ್ಯಾವಿಗೇಶನ್’ ಬ್ಲಾಕ್‌ನಲ್ಲಿ ಮಾಡಬೇಕಾಗುತ್ತದೆ.

ತಾಣದೊಳಗಿನ ಪುಟಕ್ಕೆ ‘ಕಸ್ಟಮ್ ಲಿಂಕ್’ ಬಳಸದಿರುವುದು ಕ್ಷೇಮ. ಪಟ್ಟಿಯಿಂದ ಆಯ್ದ ಪುಟದ ವಿಳಾಸ ಮುಂದೆ ಬದಲಾದರೆ ಮೆನುವೂ ಅದನ್ನು ಅನುಸರಿಸುತ್ತದೆ. ಕೈಯಿಂದ ಬರೆದ ಕೊಂಡಿ ಮುರಿದುಬೀಳುತ್ತದೆ. ಭೂಮಿ, ನಾಡಕಚೇರಿ, ಸೇವಾಸಿಂಧು ಮುಂತಾದ ಹೊರತಾಣಗಳಿಗೆ ಮಾತ್ರ ಅದು ಅನಿವಾರ್ಯ.

ಕನ್ನಡಕ್ಕೆ ವಿಶಿಷ್ಟವಾದ ತೊಡಕೊಂದಿದೆ. ವರ್ಡ್‌ಪ್ರೆಸ್ ಪುಟದ ಶೀರ್ಷಿಕೆಯಿಂದಲೇ ವಿಳಾಸವನ್ನು ರಚಿಸುತ್ತದೆ. ಅದರ ಮಿತಿ 200 ಸಂಕೇತಗಳು. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಸ್ವರಚಿಹ್ನೆ ಹಾಗೂ ಒತ್ತನ್ನು ಸೂಚಿಸುವ ಗುರುತು ಸಹ ತಲಾ ಒಂಬತ್ತು ಸಂಕೇತಗಳನ್ನು ನುಂಗುತ್ತದೆ. ಹೀಗಾಗಿ ‘ದೇವರ ಹಿಪ್ಪರಗಿ ತಾಲ್ಲೂಕು ಕಚೇರಿ’ ಎಂಬ ಶೀರ್ಷಿಕೆಯ ವಿಳಾಸವು ‘ಕಚೇರಿ’ಯ ‘ಕ’ದಲ್ಲಿಯೇ ನಿಂತುಬಿಡುತ್ತದೆ! ವಿಳಾಸವನ್ನು ರೋಮನ್ ಲಿಪಿಯಲ್ಲಿ ಚಿಕ್ಕದಾಗಿ ಬರೆದು, ಮೆನುವಿನ ಹೆಸರನ್ನು ಕನ್ನಡದಲ್ಲಿಯೇ ಇರಿಸುವುದು ಲೇಸು. ಮೆನುವಿನ ಹೆಸರು ಪುಟದ ಶೀರ್ಷಿಕೆಯಂತೆಯೇ ಇರಬೇಕೆಂಬ ನಿಯಮವೇನೂ ಇಲ್ಲ.

ಜೂಮ್ಲಾದ ರೀತಿ ಬೇರೆ. ಅಲ್ಲಿ ಪುಟದ ವಿಳಾಸ, ಅದರ ಅಕ್ಕಪಕ್ಕ ಕಾಣುವ ಅಂಶಗಳು ಬಹುಮಟ್ಟಿಗೆ ಮೆನುವನ್ನೇ ಅವಲಂಬಿಸಿರುವುದರಿಂದ ಮೆನುವಿನ ನಕ್ಷೆಯನ್ನು ಮೊದಲೇ ಹಾಕಿಕೊಳ್ಳಬೇಕು.

ನಕ್ಷೆ ಹಾಕುವಾಗ ಇಲಾಖೆಗಳ ಶ್ರೇಣಿಯನ್ನು ಹಾಗೆಯೇ ಇಳಿಸುವ ಅಭ್ಯಾಸ ಸರಿಯಲ್ಲ. ‘ಕಂದಾಯ ಆಡಳಿತ’ ಎಂಬುದಕ್ಕಿಂತ ‘ಪಹಣಿ, ಜಾತಿ-ಆದಾಯ ಪ್ರಮಾಣಪತ್ರ’ ಎಂಬುದು ಓದುಗನಿಗೆ ಬೇಗ ತಿಳಿಯುತ್ತದೆ. ಹೊಸ ತಾಲ್ಲೂಕಿನ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ: ಜನರು ಹಳೆಯ ರೂಢಿಯಂತೆ ಸಿಂದಗಿಯ ಪುಟಕ್ಕೇ ಮೊದಲು ಹೋಗುವ ಸಂಭವವಿದೆ. ಆ ಪುಟದ ಆರಂಭದಲ್ಲಿಯೇ ದೇವರ ಹಿಪ್ಪರಗಿಯ ಕೊಂಡಿ ನೀಡಿ, ಯಾವ ಗ್ರಾಮಗಳು ಅತ್ತ ಸೇರಿವೆ ಎಂಬುದನ್ನು ಹೆಸರಿಸಿ ತಿಳಿಸಬೇಕು.