ಮುಹೂರ್ತ ಇಂಗ್ಲೆಂಡಿಗೂ ಇತ್ತು

ಈಸ್ಟ್ ಹ್ಯಾಮ್‌ನಲ್ಲಿ ಮದುವೆಗೆ ಹಾಲ್ ಹುಡುಕುತ್ತಿದ್ದೀರಾ, ಗೆಳೆಯರೇ? 'ಮುಹೂರ್ತ ಮೀರಬಾರದು' ಎಂದು ಅಜ್ಜಿ ಹೇಳಿದರೆ ನಗಬೇಡಿ. ಗಡಿಯಾರ ಬರುವ ಮೊದಲು ನಮ್ಮವರು ತಳದಲ್ಲಿ ತೂತಿದ್ದ ಬಟ್ಟಲನ್ನು ನೀರಿನಲ್ಲಿ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ.

ಇಂಗ್ಲೆಂಡಿನಲ್ಲೂ ಕಟ್ಟುನಿಟ್ಟಿತ್ತು. 1886ರವರೆಗೆ ಮದುವೆ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 12ರೊಳಗೆ ಮುಗಿಯಬೇಕಿತ್ತು. ಆ ವರ್ಷ ಗಡುವು 3 ಗಂಟೆಗೆ, 1934ರಲ್ಲಿ ಸಂಜೆ 6ಕ್ಕೆ ಸರಿಯಿತು. 2012ರ ಅಕ್ಟೋಬರ್‌ನಲ್ಲಿ ಕಾನೂನಿನ ಆ ಮಿತಿಯೇ ಹೋಯಿತು.

ಅಜ್ಜಿಯ ಮಿತಿ ಮಾತ್ರ ಉಳಿದಿದೆ. ಮುಹೂರ್ತವನ್ನು ಆಯಾ ಊರಿನ ಸೂರ್ಯೋದಯದಿಂದ ಎಣಿಸುವುದರಿಂದ ಬೆಂಗಳೂರಿನ ಪಂಚಾಂಗದ ಸಮಯ ಇಲ್ಲಿಗೆ ಹೊಂದದು. ಪುರೋಹಿತರಿಂದ ಲಂಡನ್ನಿನ ಲೆಕ್ಕ ಹಾಕಿಸಿ. ಧಾರೆಯ ಹೊತ್ತನ್ನು ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ವರಪೂಜೆ, ಕಾಶೀಯಾತ್ರೆ, ಅಲಂಕಾರಗಳಿಗೆ ಸಮಯ ಹಂಚಿ. ಊಟ, ಫೋಟೋ ಆಮೇಲೆ ಸಾವಕಾಶವಾಗಿ ಆಗಲಿ.