ಬಿಸಿಲು ಬರೆದುಕೊಟ್ಟ ಡಾಕ್ಟರು

ಬೆಳಗಿನ ಜಾವ ನಾಲ್ಕೂವರೆಗೆ ಹಾಸಿಗೆಯ ಕೆಳಗೆ ಗುಳುಗುಳು ಸದ್ದು. ಟಾರ್ಚ್ ಹಾಕಿ ನೋಡಿದರೆ ಬಾಯ್ಲರಿನ ನೀರೆಲ್ಲ ನಮ್ಮ ಮನೆಗಾಡಿಯ ಅಡಿಯಿಂದ ನೆಲಕ್ಕೆ ಸುರಿಯುತ್ತಿತ್ತು. ಚಳಿ ಮೂರು ಡಿಗ್ರಿಯ ಆಸುಪಾಸಿಗೆ ಇಳಿದರೆ, ಒಳಗೆ ಹೆಪ್ಪುಗಟ್ಟಿ ಒಡೆಯದಿರಲಿ ಅಂತ ಅದರ ಕವಾಟ ತಾನೇ ತೆರೆದುಕೊಂಡು ನೀರು ಚೆಲ್ಲಿಬಿಡುತ್ತದೆ. ತಪ್ಪು ಅದರದಲ್ಲ. "ಇನ್ನೂ ಅರ್ಧ ಇದೆ ಕಣೇ, ಸುಮ್ಮನೆ ಯಾಕೆ ದಂಡ" ಅಂತ ನಮ್ಮೆಜಮಾನರು ಬೇಸಿಗೆಯಲ್ಲಿ ಉಳಿದಿದ್ದ ಬ್ಯುಟೇನ್ ಸಿಲಿಂಡರನ್ನೇ ಜೋಡಿಸಿದ್ದರು. ಸೊನ್ನೆ ಡಿಗ್ರಿಗೆ ಬಂದರೆ ಬ್ಯುಟೇನ್ ಅನಿಲವಾಗಿ ಮೇಲೇಳುವುದಿಲ್ಲ, ನೀರಿನ ಹಾಗೆ ತಳದಲ್ಲೇ ಕೂತಿರುತ್ತದೆ. ಪ್ರೊಪೇನ್ ಆದರೆ ಮೈನಸ್ 42ರ ತನಕ ಎದ್ದು ಬರುತ್ತದೆ. ಹೀಟರ್ ಯಾವಾಗ ಆರಿತ್ತೋ ಇಬ್ಬರಿಗೂ ಗೊತ್ತಾಗಲಿಲ್ಲ. ಫ್ರಾನ್ಸಿನ ನಡುಮಧ್ಯದ ಬೆಟ್ಟಸೀಮೆಯ ಸ್ಯಾಂ ಫ್ಲೂರ್ ಎಂಬ ಊರು ಅದು. ಇಂಗ್ಲೆಂಡಿನಿಂದ ಸ್ಪೇನಿನ ಬಿಸಿಲಿಗೆ ಹೊರಟ ನಮ್ಮಂಥ ನಿವೃತ್ತರು ಡಿಸೆಂಬರಿನಲ್ಲಿ ಒಂದು ರಾತ್ರಿ ತಂಗಿ ಮುಂದೆ ಹೋಗುವ ಜಾಗ.

ನಾನು ಎದೆ ಡಾಕ್ಟರು. ಓದಿದ್ದು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ. ಕ್ಷಯ ಅಂದರೇನು ಅಂತ ಕಣ್ಣಾರೆ ಕಂಡದ್ದು ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆಯಲ್ಲಿ. ಅದೇ ರೋಗಕ್ಕೆ ತೀರಿಕೊಂಡ ತಂಗಿಯ ನೆನಪಿಗೆ ನಾಲ್ವಡಿಯವರು ಕಟ್ಟಿಸಿದ್ದು. ಆಮೇಲಿನ ಮೂವತ್ತು ಚಿಲ್ಲರೆ ವರ್ಷ ಇಂಗ್ಲೆಂಡಿನಲ್ಲಿ ಕೆಮ್ಮು ಕೇಳಿಸಿಕೊಂಡೇ ಸಂಬಳ ತೆಗೆದುಕೊಂಡೆ. ಹಾಗಾಗಿ ಈ ದಾರಿಯ ಚರಿತ್ರೆ ಓದತೊಡಗಿದಾಗ ಹೆಜ್ಜೆಹೆಜ್ಜೆಗೂ ನನ್ನ ಕಸುಬಿನವರೇ ಎದುರಾದದ್ದು ಒಂದು ತಮಾಷೆ. ಚಳಿಗಾಲಕ್ಕೆ ದಕ್ಷಿಣಕ್ಕೆ ಹೋಗಿ ಕೂರುವುದು ರಜೆಯ ಮೋಜಾಗಿ ಹುಟ್ಟಿದ್ದಲ್ಲ, ಡಾಕ್ಟರ ಚೀಟಿಯಾಗಿ ಹುಟ್ಟಿದ್ದು.

ಗಾಡಿಯಿಂದಲೇ ಶುರುಮಾಡೋಣ. ಸುಖಕ್ಕೋಸ್ಕರ ಚಕ್ರದ ಮೇಲೆ ಮನೆ ಕಟ್ಟಿಸಿಕೊಂಡು ಹೊರಟ ಮೊದಲಿಗರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನವನ ಹೆಸರು ಬರುತ್ತದೆ. ಬ್ರಿಟಿಷ್ ನೌಕಾಪಡೆಯಲ್ಲಿ ಸರ್ಜನ್ ಆಗಿದ್ದವನು. 1885ರಲ್ಲಿ ಬ್ರಿಸ್ಟಲಿನಲ್ಲಿ 'ವಾಂಡರರ್' ಎಂಬ ಗಾಡಿ ಮಾಡಿಸಿ, ಎರಡು ಕುದುರೆ ಹೂಡಿ, ಸ್ಕಾಟ್ಲೆಂಡಿನ ಇನ್ವರ್ನೆಸ್ ತನಕ ಹೋದ. ಮಹಾಗನಿ ಮರ, ಒಳಗೆ ಪುಸ್ತಕದ ಕಪಾಟು, ಒಟ್ಟು ಎರಡು ಟನ್ ತೂಕ. ಮುಂದಿನ ರಸ್ತೆ ಹೇಗಿದೆ ಅಂತ ನೋಡಿಬರಲು ಆಳೊಬ್ಬ ಮೂರು ಚಕ್ರದ ಸೈಕಲ್ ಮೇಲೆ ಮುಂದೆ ಹೋಗುತ್ತಿದ್ದ. ನಮ್ಮ ಗಾಡಿಯಲ್ಲಿ ಆ ಕೆಲಸ ಫೋನಿನೊಳಗಿನ ಹೆಂಗಸಿನದು. ಅವಳು ಹೇಳಿದಂತೆ ಇವರು ಕೇಳುವುದಿಲ್ಲ, ಅದು ಬೇರೆ ವಿಷಯ. ನಮ್ಮದು ಇಬ್ಬರು ಮಾಲೀಕರ ಕೈ ದಾಟಿ ಬಂದದ್ದು, ಹೆಸರು 'ಬಿಡಾರ'.

ಬಿಸಿಲಿನ ಚೀಟಿ ಬರೆದವರಲ್ಲಿ ನನಗೆ ಬಹಳ ಹಿಡಿಸಿದವನು ಜೇಮ್ಸ್ ಹೆನ್ರಿ ಬೆನೆಟ್. ಇವನೂ ಡಾಕ್ಟರು, ಮೇಲೆ ಕ್ಷಯದ ರೋಗಿ. 1859ರಲ್ಲಿ, ಇನ್ನು ತನ್ನ ಕತೆ ಮುಗಿಯಿತು ಅಂದುಕೊಂಡು ಸಾಯಲಿಕ್ಕೆಂದೇ ಇಟಲಿಯ ಗಡಿಗೆ ಅಂಟಿಕೊಂಡ ಮೆಂತೋನ್ ಎಂಬ ಕಡಲೂರಿಗೆ ಬಂದ. ಸಾಯಲಿಲ್ಲ. ಎರಡು ವರ್ಷದಲ್ಲಿ ಆ ಊರಿನ ಹವೆಯನ್ನು ಹೊಗಳಿ ಪುಸ್ತಕ ಬರೆದ. ನಿಂಬೆ ಬೆಳೆದುಕೊಂಡಿದ್ದ ಊರಿಗೆ ಉತ್ತರದವರು ಹಿಂಡುಹಿಂಡಾಗಿ ಬಂದಿಳಿದರು. ಆರ್. ಎಲ್. ಸ್ಟೀವನ್‌ಸನ್ 1873ರ ಚಳಿಗಾಲದಲ್ಲಿ ಬಂದ. ಡಾಕ್ಟರ ಅಪ್ಪಣೆಯ ಮೇಲೆ ದಕ್ಷಿಣಕ್ಕೆ ಬಂದವನ ಪಾಡಿನ ಬಗ್ಗೆಯೇ ಒಂದು ಪ್ರಬಂಧ ಬರೆದ. ಚಿತ್ರಕಾರ ಆಬ್ರಿ ಬಿಯರ್ಡ್‌ಸ್ಲಿ ಇಲ್ಲೇ 1898ರಲ್ಲಿ ಹೋದ. ವಯಸ್ಸು 25.

ಮೊದಲ ವರ್ಷ ಹೊರಟಾಗ ದಾರಿ ಸುತ್ತಾದರೂ ಸರಿ ಅಂತ ಮೆಂತೋನಿಗೆ ಹೋಗಿದ್ದೆವು. ಊರಿನ ನೆತ್ತಿಯ ಮೇಲೆ, ಹಳೆಯ ಕೋಟೆ ಇದ್ದ ಜಾಗದಲ್ಲಿ, ಮೆಟ್ಟಿಲುಮೆಟ್ಟಿಲಾಗಿ ಗೋರಿಗಳು. ಅಂಥ ಕಡಲ ನೋಟ ಯಾವ ಹೋಟೆಲಿಗೂ ಇಲ್ಲ. ಇಂಗ್ಲಿಷರು, ರಷ್ಯನ್ನರು, ಜರ್ಮನರು. ಕಲ್ಲಿನ ಮೇಲಿನ ಎರಡೆರಡು ಇಸವಿ ಕಳೆದು ನೋಡುತ್ತ ಹೋದೆ: ಇಪ್ಪತ್ತು ಚಿಲ್ಲರೆ, ಇಪ್ಪತ್ತು ಚಿಲ್ಲರೆ, ಮೂವತ್ತು. ಬೆನೆಟ್ ಮೋಸಗಾರನಲ್ಲ. ತಾನು ಬದುಕಿದ್ದನ್ನೇ ಸಾಕ್ಷಿ ಅಂದುಕೊಂಡ, ಅಷ್ಟೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಹಳೆಯ ತಪ್ಪು ಇನ್ನೊಂದಿಲ್ಲ. ನಾನು ಬರೆದ ಚೀಟಿಗಳಲ್ಲಿ ಐಸೋನಿಯಜಿಡ್ ಇತ್ತು, ರಿಫಾಂಪಿಸಿನ್ ಇತ್ತು. ಬಿಸಿಲು ಇರಲಿಲ್ಲ.

1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣು ತೋರಿಸಿದ ಮೇಲೆ, ಇದು ಒಬ್ಬರಿಂದೊಬ್ಬರಿಗೆ ಅಂಟುತ್ತದೆ ಅನ್ನುವುದು ಖಾತ್ರಿಯಾಯಿತು. ಬರಬರುತ್ತ ಕೆಮ್ಮುವ ಅತಿಥಿ ಹೋಟೆಲಿನವರಿಗೆ ಬೇಡವಾದ. ಆರೋಗ್ಯವಂತ ಶ್ರೀಮಂತ ಬೇಕಾದ. ವಿಕ್ಟೋರಿಯಾ ರಾಣಿ 1895ರಿಂದ 99ರವರೆಗೆ ವರ್ಷವರ್ಷವೂ ನೀಸ್ ಪಟ್ಟಣದ ಮೇಲಿನ ಸಿಮಿಯೇ ಗುಡ್ಡದಲ್ಲಿ ಬಂದು ಉಳಿದಳು, ಜೊತೆಗೆ ಭಾರತದ ಪರಿಚಾರಕರು, ಮುನ್ಷಿ ಅಬ್ದುಲ್ ಕರೀಮ್. ಆ ಕಾಲಕ್ಕೆ ಅಲ್ಲಿಯ ಸುಗ್ಗಿ ಚಳಿಗಾಲವೇ. ಬೇಸಿಗೆ ಬಂತೆಂದರೆ ದೊಡ್ಡ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು. ರೋಗ ಹೋಯಿತು, ಪದ್ಧತಿ ಉಳಿಯಿತು.

ಈಗ ನಮ್ಮ ದಾರಿ ಆ ಕಡೆಗಿಲ್ಲ. ಸ್ಯಾಂ ಫ್ಲೂರಿನಿಂದ ನೇರ ದಕ್ಷಿಣಕ್ಕೆ ಎ75 ಹೆದ್ದಾರಿ, ಮಿಯೋ ಸೇತುವೆ. 2004ರಲ್ಲಿ ತೆರೆದದ್ದು, ಕಂಬದ ತುದಿಯವರೆಗೆ 343 ಮೀಟರ್. ಕೆಳಗೆ ಮಂಜಿತ್ತು, ಏನೂ ಕಾಣಲಿಲ್ಲ, ಟೋಲ್ ಮಾತ್ರ ಕಟ್ಟಿದೆವು. ಸಂಜೆಗೆ ಸ್ಪೇನ್ ಗಡಿಯ ಈಚೆಗಿರುವ ಆರ್ಜೆಲೆಸ್ ತಲುಪಿದೆವು.

ಆರ್ಜೆಲೆಸ್ ಎಂದರೆ ಕ್ಯಾಂಪಿಂಗ್. ಬೇಸಿಗೆಯಲ್ಲಿ ಆ ಮರಳ ದಂಡೆಯ ಹಿಂದೆ ಸಾಲುಸಾಲು ಡೇರೆ, ಕ್ಯಾರವಾನ್. 1939ರ ಫೆಬ್ರವರಿಯಲ್ಲೂ ಇಲ್ಲಿ ಕ್ಯಾಂಪ್ ಇತ್ತು. ಸ್ಪೇನಿನ ಅಂತರ್ಯುದ್ಧದ ಕೊನೆಗಾಲ, ಜನವರಿ 26ಕ್ಕೆ ಬಾರ್ಸಿಲೋನಾ ಜನರಲ್ ಫ್ರಾಂಕೊನ ಕೈಸೇರಿತು. ಎರಡು ದಿನ ಕಳೆದು ಫ್ರಾನ್ಸ್ ಗಡಿ ತೆರೆದದ್ದೇ ತಡ, ಕೆಲವೇ ವಾರಗಳಲ್ಲಿ ಐದು ಲಕ್ಷದ ಹತ್ತಿರ ಜನ ಪಿರನೀಸ್ ದಾಟಿ ಬಂದರು, ಅನೇಕರು ನಾವು ಮಾರನೆಯ ದಿನ ಬಿಸಿಲಿಗೆ ಹೋಗಬೇಕಿದ್ದ ಅದೇ ಲೆ ಪೆರ್ತು ಕಣಿವೆಯಿಂದ, ಅದೇ ಚಳಿಯಲ್ಲಿ, ತಿರುವುಮುರುವಾಗಿ. ಅವರಲ್ಲಿ ಸಾವಿರಗಟ್ಟಲೆ ಜನರನ್ನು ಈ ದಂಡೆಗೆ ತಂದು ಮುಳ್ಳುತಂತಿ ಸುತ್ತಿದರು. ಮೊದಮೊದಲು ಸೂರೂ ಇರಲಿಲ್ಲ, ಮರಳು ತೋಡಿಕೊಂಡು ಮಲಗಿದರು. ಕವಿ ಆಂತೋನಿಯೊ ಮಚಾದೊ ಮುದಿ ತಾಯಿಯೊಂದಿಗೆ ಪಕ್ಕದ ಕೊಲಿಯೂರಿನ ಸಣ್ಣ ಹೋಟೆಲೊಂದನ್ನು ಸೇರಿಕೊಂಡು ಫೆಬ್ರವರಿ 22ಕ್ಕೆ ಸತ್ತ. ಮೂರು ದಿನಕ್ಕೆ ತಾಯಿ ಹೋದಳು. ಅವನ ಕೋಟಿನ ಜೇಬಿನಲ್ಲಿ ತಮ್ಮನಿಗೊಂದು ಮಡಿಸಿದ ಕಾಗದ ಸಿಕ್ಕಿತು. ಅದರಲ್ಲಿದ್ದ ಕೊನೆಯ ಸಾಲುಗಳಲ್ಲೊಂದು ಬಿಸಿಲಿನ ಬಗ್ಗೆ.

ಆ ರಾತ್ರಿ ಗಾಳಿಗೆ ಗಾಡಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಅಷ್ಟು ಹೊತ್ತಿಗೆ ಇವರು ಪ್ರೊಪೇನ್ ತಂದು ಹಾಕಿದ್ದರು, ಒಳಗೆ ಬೆಚ್ಚಗಿತ್ತು. ನನಗೆ ನಿದ್ದೆ ಹತ್ತಲಿಲ್ಲ.

ಗಡಿಯಾಚೆಗಿನ ಕತೆಯಲ್ಲಿ ಡಾಕ್ಟರ ಜಾಗಕ್ಕೆ ಮೇಯರ್ ಬರುತ್ತಾನೆ. ಬೆನಿದೋರ್ಮ್ ಮೊದಲು ಬೆಸ್ತರ ಊರು. ಅಲ್ಲಿಯ ಗಂಡಸರು ಟ್ಯೂನಾ ಮೀನಿನ ದೊಡ್ಡ ಬಲೆ ಹೂಡುವುದರಲ್ಲಿ ಹೆಸರುವಾಸಿಯಾಗಿದ್ದರು. ಮೀನು ಕಮ್ಮಿಯಾಗಿ ಊರು ಸೊರಗಿದಾಗ, 1950ರ ದಶಕದಲ್ಲಿ ಪೆದ್ರೊ ಸಾರಗೋಸಾ ಎಂಬ ಮೇಯರ್ ಬಿಸಿಲು ಮಾರಲು ಹೊರಟ. ದಂಡೆಯಲ್ಲಿ ಬಿಕಿನಿಗೆ ಒಪ್ಪಿಗೆ ಕೊಟ್ಟ. ಪಾದ್ರಿಗಳು ತಿರುಗಿಬಿದ್ದಾಗ ವೆಸ್ಪಾ ಸ್ಕೂಟರಿನಲ್ಲಿ ಮ್ಯಾಡ್ರಿಡ್‌ಗೇ ಹೋಗಿ ಫ್ರಾಂಕೊನ ಕಂಡು ಬಂದನಂತೆ. ಸ್ಕೂಟರಿನ ಭಾಗಕ್ಕೆ ಎಷ್ಟು ಉಪ್ಪುಖಾರ ಹಚ್ಚಿದ್ದಾರೋ. 1956ರಲ್ಲಿ ಅವನು ಮಾಡಿಸಿದ ಊರಿನ ನಕ್ಷೆ ಮಾತ್ರ ನಿಜ, ಇವತ್ತಿನ ಗಗನಚುಂಬಿಗಳು ಅದರಿಂದ ಬೆಳೆದವು. ಉತ್ತರದ ಗಾಳಿಗೆ ಬೆಟ್ಟ ಅಡ್ಡ ನಿಂತಿರುವುದರಿಂದ ಜನವರಿಯಲ್ಲೂ ಅಲ್ಲಿ ಮಧ್ಯಾಹ್ನ ಸ್ವೆಟರ್ ಬೇಡ. ಸ್ಪೇನ್ ಸರ್ಕಾರವೂ 1980ರ ದಶಕದಿಂದ ತನ್ನ ಪಿಂಚಣಿದಾರರನ್ನು ಚಳಿಗಾಲದಲ್ಲಿ ಸೋವಿ ದರಕ್ಕೆ ಕಡಲೂರುಗಳಿಗೆ ಕಳಿಸುತ್ತದೆ, ಹೋಟೆಲು ಮುಚ್ಚದಿರಲಿ ಅಂತಲೂ.

ನಮಗೀಗ ಚೀಟಿ ಬರೆಯುವುದು ಗಡಿಯ ಪಾಸ್‌ಪೋರ್ಟ್ ತಪಾಸಣೆ. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ, ಯಾವ 180 ದಿನ ತೆಗೆದುಕೊಂಡರೂ ಅದರಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಹಾಲಿನ ಪದಾರ್ಥ ಗಡಿ ದಾಟಿಸುವಂತಿಲ್ಲ. ಮನೆಯ ಹೆಪ್ಪು ಹಿತ್ತಲಿಗೆ ಚೆಲ್ಲಿ ಬಂದು, ಫ್ರಾನ್ಸಿನಲ್ಲಿ ಅಂಗಡಿ ಮೊಸರು ಕೊಂಡು ಹೊಸದಾಗಿ ಹೆಪ್ಪು ಹಾಕಬೇಕು. ಡಿಸೆಂಬರ್ 5ಕ್ಕೆ ಇಳಿದದ್ದು. ದಿನ ಎಣಿಸುವುದು ಒಂಟಿಕೊಪ್ಪಲ್ ಪಂಚಾಂಗದ ಮೇಲೆ, ಪೆನ್ಸಿಲ್ ಗೀಟಿನಲ್ಲಿ.

ಸಂಕ್ರಾಂತಿಗೆ 41ನೇ ಗೀಟು. ಪಕ್ಕದ ಗಾಡಿಯ ಡಚ್ ಮುದುಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕಣ್ಣುಮುಚ್ಚಿ ಕೆಮ್ಮುತ್ತ ಕೂತಿದ್ದ. ಎಳ್ಳುಬೆಲ್ಲ ಕೊಟ್ಟೆ. ಇಂಥ ದಿನ ನಮ್ಮ ಕಡೆ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ ಅನ್ನುತ್ತಾರೆ ಅಂದೆ. ಅವನು ಕೊಬ್ಬರಿ ಚೂರೊಂದನ್ನು ಅಗಿದು, ನಿಧಾನಕ್ಕೆ ತಿರುಗಲಿ, ಅವಸರವಿಲ್ಲ ಅಂದ. ಅವನ ಕೆಮ್ಮು ಬರೀ ಸಿಗರೇಟಿನದು, ಗೋಡೆಯಾಚೆಯಿಂದಲೇ ಗೊತ್ತಾಗಿತ್ತು.